‘ಪ್ರಧಾನ ವೃತ್ತಿ’ ಎಂದರೇನು? ಪತ್ರಕರ್ತರು ಸಂಘ ಕಟ್ಟಿದ ಚರಿತ್ರೆಯೊಳಗಿನ ಒಂದು ಪ್ರಶ್ನೆ

ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿ ನಮಗೆ ‘ನೆಟ್‌ವರ್ಕಿಂಗ್’ ಅನ್ನುವ ಪದ ಸಿಕ್ಕಿತು. ಕ್ಯಾಂಪಸ್ ತರಬೇತಿಗೆ ಬಂದವರು ಹೇಳಿದ್ದನ್ನೆಲ್ಲ ನೋಟ್ಸ್ ಬರೆದುಕೊಂಡೆವು: ಹಿರಿಯರ ನಂಬರ್ ಇಟ್ಟುಕೊಳ್ಳಿ, ಹಬ್ಬಕ್ಕೆ ಮೆಸೇಜ್ ಕಳಿಸಿ, ಒಂದು ವಿಸಿಟಿಂಗ್ ಕಾರ್ಡ್ ಮಾಡಿಸಿ, ಯಾವುದಾದರೂ ವೃತ್ತಿಪರ ಸಂಘಕ್ಕೆ ಸೇರಿ, ಮುಂದೆ ಕೆಲಸಕ್ಕೆ ಬರುತ್ತದೆ. ಹೊಲಮನೆಯಿಂದ ಬಂದ ನಮಗೆ ಇದು ಹೊಸ ವಿದ್ಯೆಯಂತೆ ಕಂಡಿದ್ದು ನಿಜ. ಆಮೇಲೆ ಊರ ಕಡೆ ಹೋಗಿ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಪೆನ್ನು ಹಿಡಿದು ನಿಂತಾಗ ಎದುರಾದ ಮೊದಲ ಪ್ರಶ್ನೆಯೂ ಅದೇ ಜಾತಿಯದು. ‘ಯಾವ ಪೇಪರು? ಸಂಘದಲ್ಲಿದ್ದೀರಾ? ಕಾರ್ಡ್ ಎಲ್ಲಿ?’

ನಮ್ಮ ಗುಂಪಿನಲ್ಲಿ ಕೆಲವರ ಹತ್ತಿರ ಕಾರ್ಡ್ ಇದೆ, ಹಲವರ ಹತ್ತಿರ ಇಲ್ಲ. ಇಲ್ಲದವರಿಗೆ ಯಾಕಿಲ್ಲ ಎಂದು ಹುಡುಕುತ್ತ ಹೋದಾಗ ಒಂದು ಉದ್ದದ ಚರಿತ್ರೆ ಸಿಕ್ಕಿತು. ಈ ದೇಶದಲ್ಲಿ ‘ಪತ್ರಕರ್ತ’ ಎಂದರೆ ಯಾರು ಎಂಬುದು ಕಾನೂನಿನಲ್ಲಿ ಬರೆದಾಗಿದೆ. ಅದನ್ನು ಬರೆಸಿದ್ದು ಪತ್ರಕರ್ತರೇ, ಒಟ್ಟು ಸೇರಿ, ದಶಕಗಟ್ಟಲೆ ಜಗ್ಗಾಡಿ. ಹಾಗೆ ಬರೆಸಿದಾಗ ಕೋಣೆಯೊಳಗೆ ಯಾರಿದ್ದರು, ಹೊಸ್ತಿಲಾಚೆ ಯಾರು ಉಳಿದರು ಅನ್ನುವುದು ಈ ಬರಹದ ವಿಷಯ.

ಮೈಸೂರು ಸಂಸ್ಥಾನದಿಂದ ಶುರು ಮಾಡೋಣ. 1908ರಲ್ಲಿ, ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ, ಅಲ್ಲಿ ಒಂದು ಪತ್ರಿಕಾ ನಿಯಂತ್ರಣ ಶಾಸನ ಬಂತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ, ಕೊಟ್ಟ ಅನುಮತಿಯನ್ನು ಸರ್ಕಾರ ವಾಪಸ್ ಪಡೆಯಬಹುದು. ಆಗಿನ ಮೈಸೂರಿನಲ್ಲಿ ಪತ್ರಿಕೆ ಎಂದರೆ ಒಬ್ಬ ಮನುಷ್ಯ. ‘ತಾತಯ್ಯ’ ಎಂದೇ ಊರಿಗೆಲ್ಲ ಪರಿಚಿತರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು; ಅವರೇ ‘ವೃತ್ತಾಂತ ಚಿಂತಾಮಣಿ’, ‘ಸಂಪದಭ್ಯುದಯ’, ‘ಮೈಸೂರು ಹೆರಾಲ್ಡ್’ ಮುಂತಾದ ಪತ್ರಿಕೆಗಳ ಹಿಂದಿನ ಶಕ್ತಿ. ಈ ಶಾಸನಕ್ಕೆ ಅವರು ಪ್ರತಿಭಟನೆ ಸೂಚಿಸಿದ್ದು ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿ. ದೊಡ್ಡ ನಿರ್ಧಾರವೇ. ಆದರೆ ಇವತ್ತು ಓದುವಾಗ ನಮಗೆ ಇನ್ನೊಂದು ಸಂಗತಿಯೂ ಕಾಣುತ್ತದೆ: ಅವರ ಕೈಯಲ್ಲಿದ್ದ ಆಯುಧ ಅದೊಂದೇ. ಎಲ್ಲರ ಪರವಾಗಿ ಒಂದು ಮನವಿ ಬರೆಯಲು, ದಿವಾನರ ಎದುರು ಕೂತು ವಾದ ಮಾಡಲು ಪತ್ರಿಕೆಯವರದೇ ಒಂದು ಗಟ್ಟಿ ಸಂಸ್ಥೆ ಇರಲಿಲ್ಲ. ಬಾಯಿ ಮುಚ್ಚಿಸಲು ಬಂದ ಕಾನೂನಿಗೆ ತಾವೇ ಬಾಯಿ ಮುಚ್ಚಿಕೊಂಡು ಉತ್ತರ ಕೊಡಬೇಕಾಯಿತು.

ಆ ಹೊತ್ತಿನಲ್ಲಿ ಪತ್ರಿಕೆಯ ದಾರಿ ಹಿಡಿದಿದ್ದ ಯುವಕರಲ್ಲಿ ಮುಳಬಾಗಿಲಿನ ಡಿ.ವಿ. ಗುಂಡಪ್ಪ ಒಬ್ಬರು. ಹುಟ್ಟಿದ್ದು 1887ರಲ್ಲಿ. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಬೆಂಗಳೂರಿಗೆ ಬಂದು ಸಣ್ಣಪುಟ್ಟ ಪತ್ರಿಕೆಗಳಲ್ಲಿ ದುಡಿದು, 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಹೊರಡಿಸಿದರು. ಡಿವಿಜಿ ಎಂದರೆ ಕನ್ನಡಿಗರಿಗೆ ‘ಮಂಕುತಿಮ್ಮನ ಕಗ್ಗ’. ನಮ್ಮ ಪಠ್ಯದಲ್ಲೂ ಅವರು ಕವಿಯಾಗಿಯೇ ಬಂದರು. ಅವರು ಸಂಘ ಕಟ್ಟಿದ ಕಥೆ ಪತ್ರಿಕೋದ್ಯಮದ ತರಗತಿಯಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಯಿತು. ಅದು ನಮಗೆ ಈಗಲೂ ಬೇಸರದ ವಿಷಯ.

1928ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಿಕಾಕರ್ತರ ಸಮ್ಮೇಳನ ನಡೆಯಿತು, ಅಧ್ಯಕ್ಷತೆ ಡಿವಿಜಿಯವರದು. ಆಗಿನ ನಕ್ಷೆ ನೆನಪಿಸಿಕೊಂಡರೆ ಇದರ ತೂಕ ತಿಳಿಯುತ್ತದೆ. ಬಾಗಲಕೋಟೆ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಅಧ್ಯಕ್ಷರು ಬಂದದ್ದು ಮೈಸೂರು ಸಂಸ್ಥಾನದಿಂದ. ಮಂಗಳೂರು, ಬಳ್ಳಾರಿ ಮದ್ರಾಸಿಗೆ ಸೇರಿದ್ದವು, ಕಲಬುರಗಿ, ರಾಯಚೂರು ನಿಜಾಮರಿಗೆ, ಕೊಡಗಿಗೆ ಬೇರೆಯದೇ ಆಡಳಿತ. ಭಾಷೆ ಒಂದೇ ಆದರೂ ಒಂದೊಂದು ಪತ್ರಿಕೆಯ ಕುತ್ತಿಗೆಯ ಮೇಲಿದ್ದ ಕಾನೂನು ಒಂದೊಂದು. ಹುಬ್ಬಳ್ಳಿಯಲ್ಲಿ ನಡೆಯುವ ಮಾತು ಮೈಸೂರಿನಲ್ಲಿ ಅಪರಾಧವಾಗಬಹುದು. ಒಬ್ಬರಿಗೊಬ್ಬರು ಮುಖ ನೋಡಿ ಕೂತಾಗ ಮಾತ್ರ ಇಂಥ ವ್ಯತ್ಯಾಸಗಳು ಲೆಕ್ಕಕ್ಕೆ ಸಿಗುತ್ತವೆ. ಏಕೀಕರಣಕ್ಕೆ ಇನ್ನೂ 28 ವರ್ಷ ಬಾಕಿ ಇದ್ದಾಗ ಕನ್ನಡ ಪತ್ರಿಕೆಯವರು ಒಂದು ಸೂರಿನಡಿ ಸೇರಿದ್ದು ಸಣ್ಣ ಸಂಗತಿಯಲ್ಲ.

ಮುಂದೆ 1932ರಲ್ಲಿ ಮೈಸೂರು ಸಂಸ್ಥಾನದ ಪತ್ರಕರ್ತರ ಸಂಘ ಹುಟ್ಟಿತು. ಇವತ್ತಿನ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ ತನ್ನ ಹುಟ್ಟನ್ನು ಎಣಿಸುವುದು ಆ ವರ್ಷದಿಂದ; ಸ್ಥಾಪಕರೆಂದು ಹೇಳಿಕೊಳ್ಳುವುದು ಡಿವಿಜಿಯವರನ್ನು. ಹೆಸರಿನಲ್ಲಿ ಈಗಿರುವ ‘ಕಾರ್ಯನಿರತ’ ಎಂಬ ಪದ ಮಾತ್ರ ಆಮೇಲಿನ ಕಾಲದ್ದು. ಆ ಪದದ ಹಿಂದೆ ಇನ್ನೊಂದು ಜಗಳ ಇದೆ.

ಜಗಳ ಇದು. ಪತ್ರಿಕೆಯ ಮಾಲೀಕ, ಸಂಪಾದಕ, ಅಲ್ಲಿ ಸಂಬಳಕ್ಕೆ ದುಡಿಯುವ ವರದಿಗಾರ ಒಂದೇ ಸಂಘದಲ್ಲಿ ಇರಬಹುದೇ? ಇಂಗ್ಲೆಂಡಿನವರಿಗೆ ಇದು ನಮಗಿಂತ ಮೊದಲೇ ಎದುರಾಗಿತ್ತು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಜರ್ನಲಿಸ್ಟ್ಸ್‌ಗೆ 1890ರಲ್ಲಿ ರಾಣಿಯ ಸನ್ನದು ಸಿಕ್ಕಿತು, ಗೌರವ ಬಂತು. ಆದರೆ ಮಾಲೀಕರೂ ಅದರ ಸದಸ್ಯರು. ಸಂಬಳದ ಮಾತು ಎತ್ತಿದರೆ ಸಂಬಳ ಕೊಡುವವರೇ ಎದುರಿನ ಕುರ್ಚಿಯಲ್ಲಿ ಕೂತಿರುತ್ತಿದ್ದರು. 1907ರಲ್ಲಿ ದುಡಿಯುವವರು ಬೇರೆಯಾಗಿ ನ್ಯಾಷನಲ್ ಯೂನಿಯನ್ ಆಫ್ ಜರ್ನಲಿಸ್ಟ್ಸ್ ಕಟ್ಟಿಕೊಂಡರು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ನಡುವೆ, 1933ರಲ್ಲಿ, ಹೇವುಡ್ ಬ್ರೌನ್ ಎಂಬ ಅಂಕಣಕಾರ ತನ್ನ ಅಂಕಣದಲ್ಲೇ ಯೂನಿಯನ್ ಕಟ್ಟೋಣ ಎಂದು ಕರೆ ಕೊಟ್ಟ. ಅದೇ ವರ್ಷ ಡಿಸೆಂಬರಿನಲ್ಲಿ ನ್ಯೂಸ್‌ಪೇಪರ್ ಗಿಲ್ಡ್ ಸ್ಥಾಪನೆಯಾಯಿತು. ಬ್ರೌನ್ ಕೈತುಂಬ ಸಂಬಳದ ಮನುಷ್ಯ. ಅವನಿಗೆ ಗಿಲ್ಡ್ ಬೇಕಿರಲಿಲ್ಲ. ಬೇಕಿದ್ದದ್ದು ಅವನ ಪಕ್ಕದ ಮೇಜಿನವರಿಗೆ.

ನಮ್ಮಲ್ಲಿ ವಿಂಗಡಣೆ ನಿಧಾನವಾಗಿ ಆಯಿತು, ಕಾರಣ ತಾತಯ್ಯನವರ ಮಾದರಿಯ ಪತ್ರಿಕೆಯಲ್ಲಿ ಮಾಲೀಕನೂ ಅವನೇ, ಪ್ರೂಫ್ ತಿದ್ದುವವನೂ ಅವನೇ. ದೊಡ್ಡ ಬಂಡವಾಳ ಬಂದ ಮೇಲೆ ಗೆರೆಗಳು ಎದ್ದು ಕಂಡವು. ಮಾಲೀಕರ ಸೊಸೈಟಿ 1939ರಲ್ಲಿ, ಸಂಪಾದಕರ ಅಖಿಲ ಭಾರತ ಸಮ್ಮೇಳನ 1940ರಲ್ಲಿ, ಭಾರತೀಯ ಭಾಷಾ ಪತ್ರಿಕೆಗಳ ಸಂಘ 1941ರಲ್ಲಿ. ಮೇಲಿನವರೆಲ್ಲ ಮೊದಲು ಒಗ್ಗೂಡಿದರು, ನೋಡಿ. ದುಡಿಯುವ ಪತ್ರಕರ್ತರ ರಾಷ್ಟ್ರಮಟ್ಟದ ಒಕ್ಕೂಟ, ಅಂದರೆ ಇಂಡಿಯನ್ ಫೆಡರೇಷನ್ ಆಫ್ ವರ್ಕಿಂಗ್ ಜರ್ನಲಿಸ್ಟ್ಸ್, ದೆಹಲಿಯಲ್ಲಿ ಶುರುವಾದದ್ದು 1950ರ ಅಕ್ಟೋಬರ್ 28ರಂದು. ‘ನ್ಯಾಷನಲ್ ಹೆರಾಲ್ಡ್’ ಸಂಪಾದಕ ಎಂ. ಚಲಪತಿ ರಾವ್ ಮೊದಲ ಅಧ್ಯಕ್ಷರು. ‘ವರ್ಕಿಂಗ್’ ಎಂಬ ಪದವೇ ಮುಖ್ಯ ಘೋಷಣೆ. ಮೈಸೂರಿನ ಸಂಘ ಮುಂದೆ ‘ಕಾರ್ಯನಿರತ’ ಆದದ್ದೂ, ಆ ಒಕ್ಕೂಟದ ಅಂಗವಾದದ್ದೂ ಇದೇ ಹಾದಿಯಲ್ಲಿ.

ಒಂದು ಸಂಘಕ್ಕೆ ಸೇರುವುದರಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಮುಂದಿನ ಐದು ವರ್ಷಗಳ ಕಥೆ ಹೇಳಬೇಕು. 1952ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಜಿ.ಎಸ್. ರಾಜಾಧ್ಯಕ್ಷ ಅವರ ಅಧ್ಯಕ್ಷತೆಯಲ್ಲಿ ಮೊದಲ ಪತ್ರಿಕಾ ಆಯೋಗ ನೇಮಿಸಿತು. ಆಚಾರ್ಯ ನರೇಂದ್ರ ದೇವ್, ಜಾಕಿರ್ ಹುಸೇನ್, ವಿ.ಕೆ.ಆರ್.ವಿ. ರಾವ್‌ರಂಥವರು ಸದಸ್ಯರು. ಭಾಷಾ ಪತ್ರಿಕೆಗಳ ಕಡೆಯಿಂದ ಎ.ಆರ್. ಭಟ್ ಇದ್ದರು. ಚಲಪತಿ ರಾವ್ ಕೂಡ ಇದ್ದರು. ಒಕ್ಕೂಟ ಹುಟ್ಟಿ ಎರಡೇ ವರ್ಷಕ್ಕೆ ಅದರ ಅಧ್ಯಕ್ಷ ಸ್ಥಾನದಲ್ಲಿದ್ದ ವ್ಯಕ್ತಿ ಆಯೋಗದ ಮೇಜಿನ ಸುತ್ತ ಕೂತಿದ್ದರು. ಚದುರಿದ ನೂರಾರು ಮಂದಿಯ ಗೋಳನ್ನು ಅಲ್ಲಿಗೆ ತಲುಪಿಸಲು ಒಂದು ದಾರಿ ಇತ್ತು. ನೇಮಕ ಪತ್ರವಿಲ್ಲ, ರಜೆಯಿಲ್ಲ, ಕೆಲಸದ ಹೊತ್ತಿಗೆ ಲೆಕ್ಕವಿಲ್ಲ, ಮಾಲೀಕನಿಗೆ ಕೋಪ ಬಂದರೆ ನಾಳೆಯಿಂದ ಬರಬೇಡ.

ಆಯೋಗ 1954ರಲ್ಲಿ ವರದಿ ಕೊಟ್ಟಿತು. 1955ರ ಆರಂಭದಲ್ಲಿ ಬಂದ ಮೊದಲ ಕಾಯ್ದೆ ಕೈಗಾರಿಕಾ ವಿವಾದಗಳ ಕಾಯ್ದೆಯ ರಕ್ಷಣೆಯನ್ನು ಪತ್ರಕರ್ತರಿಗೂ ವಿಸ್ತರಿಸಿತು. ಅಂದರೆ ಅಲ್ಲಿಯವರೆಗೆ ಗಿರಣಿ ಕಾರ್ಮಿಕನಿಗೆ ಇದ್ದ ಆಸರೆ ಗಿರಣಿಯ ಸುದ್ದಿ ಬರೆಯುವವನಿಗೆ ಇರಲಿಲ್ಲ. ಅದೇ ವರ್ಷ ಡಿಸೆಂಬರ್ 20ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಎರಡನೆಯ ಕಾಯ್ದೆಯೇ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ ‘ಕಾರ್ಯನಿರತ ಪತ್ರಕರ್ತರ ಕಾಯ್ದೆ’. ಬಾಯಿಪಾಠ ಮಾಡುವಾಗ ಒಣ ಕಲಮುಗಳಾಗಿ ಕಂಡದ್ದು ಕೆಲಸಕ್ಕೆ ಸೇರಿದ ಮೇಲೆ ಓದಿದಾಗ ಬೇರೆಯೇ ಕಂಡಿತು. ನಾಲ್ಕು ವಾರಗಳಲ್ಲಿ 144 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಏಳು ದಿನಕ್ಕೆ ಒಮ್ಮೆ ಸತತ 24 ಗಂಟೆ ಬಿಡುವು. ಕರ್ತವ್ಯದ ಮೇಲಿದ್ದ ಅವಧಿಯ ಹನ್ನೊಂದನೇ ಒಂದು ಭಾಗದಷ್ಟು ಗಳಿಕೆ ರಜೆ, ಪೂರ್ತಿ ಸಂಬಳದೊಂದಿಗೆ. ಅರ್ಧ ಸಂಬಳದಲ್ಲಿ ವೈದ್ಯಕೀಯ ರಜೆ. ಕೆಲಸದಿಂದ ತೆಗೆಯುವುದಾದರೆ ಸಂಪಾದಕನಿಗೆ ಆರು ತಿಂಗಳು, ಉಳಿದವರಿಗೆ ಮೂರು ತಿಂಗಳು ಮುಂಚೆ ನೋಟಿಸ್. ಪ್ರಾವಿಡೆಂಟ್ ಫಂಡ್, ಗ್ರಾಚ್ಯುಟಿ. ಜೊತೆಗೆ ಸಂಬಳ ನಿಗದಿ ಮಾಡಲು ವೇತನ ಮಂಡಳಿ.

ವಾರಕ್ಕೆ 36 ಗಂಟೆ! ನಮ್ಮಲ್ಲಿ ಒಬ್ಬಳು ಇದನ್ನು ಗಟ್ಟಿಯಾಗಿ ಓದಿದಾಗ ಉಳಿದವರೆಲ್ಲ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕಾಯ್ದೆ ಬಂದ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನ್ಯಾಯಮೂರ್ತಿ ದಿವಾಟಿಯಾ ಅವರ ವೇತನ ಮಂಡಳಿ ಪತ್ರಿಕೆಗಳನ್ನು ಆದಾಯದ ಪ್ರಕಾರ ವರ್ಗ ಮಾಡಿ 1957ರಲ್ಲಿ ಸಂಬಳದ ದರ ಪ್ರಕಟಿಸಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಅವರ ದೊಡ್ಡ ವಾದ ಪತ್ರಿಕಾ ಸ್ವಾತಂತ್ರ್ಯದ್ದು: ಸಂಬಳದ ಹೊರೆ ಹೇರಿದರೆ ವಾಕ್ ಸ್ವಾತಂತ್ರ್ಯಕ್ಕೆ ಪೆಟ್ಟು. ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಪ್ರಕರಣ ಎಂದು ಹೆಸರಾದ ಆ ತೀರ್ಪು 1958ರ ಮಾರ್ಚ್ 19ರಂದು ಬಂತು. ಪತ್ರಿಕೆಗಳು ಸಾಮಾನ್ಯ ಕಾರ್ಮಿಕ ಕಾನೂನುಗಳಿಂದ ಹೊರಗಲ್ಲ ಎಂದ ಕೋರ್ಟು ಒಂದು ಉಪಕಲಮು ಬಿಟ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಮಂಡಳಿ ಪತ್ರಿಕೆಗಳಿಗೆ ಕೊಡುವ ಶಕ್ತಿ ಇದೆಯೇ ಎಂದು ಸರಿಯಾಗಿ ಪರಿಶೀಲಿಸಿಲ್ಲ ಎಂದು ಸಂಬಳದ ದರಗಳನ್ನು ರದ್ದು ಮಾಡಿತು. ಗೆದ್ದದ್ದು ತತ್ವ, ಕೈಗೆ ಬಂದದ್ದು ಸೊನ್ನೆ. ಒಕ್ಕೂಟ ಸುಮ್ಮನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದೇ ವರ್ಷ ಸಂಸತ್ತು ವೇತನ ದರ ನಿಗದಿಗೆ ಇನ್ನೊಂದು ಕಾಯ್ದೆ ಮಾಡಬೇಕಾಯಿತು. ಆಮೇಲಿನದು ಹೆಸರುಗಳ ಸಾಲು: ಶಿಂಧೆ, ಪಾಲೇಕರ್, ಬಚಾವತ್, ಮಣಿಸಾನ, ಮಜೀಠಿಯಾ. ಮಜೀಠಿಯಾ ಶಿಫಾರಸುಗಳಿಗೆ 2011ರಲ್ಲಿ ಅಧಿಸೂಚನೆ ಬಂತು, ಮಾಲೀಕರು ಮತ್ತೆ ಕೋರ್ಟಿಗೆ ಹೋದರು, 2014ರ ಫೆಬ್ರುವರಿ 7ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 1957ರ ನಾಟಕವೇ, ಪಾತ್ರಧಾರಿಗಳು ಬೇರೆ.

ಇಷ್ಟೆಲ್ಲ ಹೋರಾಟದ ಫಲ ಯಾರಿಗೆ ಸಿಕ್ಕಿತು? ಉತ್ತರ ಕಾಯ್ದೆಯ ಎರಡನೆಯ ಕಲಮಿನಲ್ಲಿದೆ. ಕಾರ್ಯನಿರತ ಪತ್ರಕರ್ತ ಎಂದರೆ ಯಾರ ‘ಪ್ರಧಾನ ವೃತ್ತಿ’ ಪತ್ರಿಕೋದ್ಯಮವೋ, ಯಾರು ಆ ಕೆಲಸಕ್ಕೆಂದೇ ಪತ್ರಿಕಾ ಸಂಸ್ಥೆಯಲ್ಲಿ ನೇಮಕಗೊಂಡಿದ್ದಾರೋ ಅವರು. ಸಂಪಾದಕ, ಉಪಸಂಪಾದಕ, ವರದಿಗಾರ, ಬಾತ್ಮೀದಾರ, ವ್ಯಂಗ್ಯಚಿತ್ರಕಾರ, ಛಾಯಾಗ್ರಾಹಕ, ಪ್ರೂಫ್ ರೀಡರ್ ಎಲ್ಲರೂ ಪಟ್ಟಿಯಲ್ಲಿದ್ದಾರೆ. ಪ್ರೂಫ್ ರೀಡರ್‌ನನ್ನು ಮರೆಯದೆ ಸೇರಿಸಿದ್ದು ಸಂತೋಷದ ವಿಷಯ. ಆಮೇಲಿನ ತಿದ್ದುಪಡಿಯಲ್ಲಿ ‘ಪೂರ್ಣಕಾಲಿಕ ಅಥವಾ ಅರೆಕಾಲಿಕ’ ಎಂಬ ಮಾತೂ ಒಳಗೆ ಬಂತು. ಆದರೂ ಎರಡು ಬಾಗಿಲು ಹಾಗೇ ಉಳಿದವು: ಪ್ರಧಾನ ವೃತ್ತಿ ಒಂದು, ನೇಮಕ ಇನ್ನೊಂದು.

ಈಗ ನಮ್ಮ ತಾಲ್ಲೂಕು ವರದಿಗಾರರನ್ನು ಈ ಬಾಗಿಲ ಮುಂದೆ ನಿಲ್ಲಿಸಿ. ನಮಗೆ ಸುದ್ದಿ ಬರೆಯಲು ನಿಜವಾಗಿ ಕಲಿಸಿದ ಹಿರಿಯರನ್ನೇ ನೆನೆದುಕೊಂಡು ಹೇಳುತ್ತೇವೆ. ಬೆಳಿಗ್ಗೆ ಐದಕ್ಕೆ ಬಸ್ ನಿಲ್ದಾಣದಲ್ಲಿ ಪೇಪರ್ ಬಂಡಲ್ ಇಳಿಸಿಕೊಳ್ಳುವವರು ಅವರೇ, ಏಕೆಂದರೆ ಅವರೇ ಏಜೆಂಟರು. ಹತ್ತಕ್ಕೆ ಅಂಗಡಿ ಬಾಗಿಲು ತೆಗೆಯುತ್ತಾರೆ, ಇಲ್ಲವೇ ಶಾಲೆಗೆ ಹೋಗುತ್ತಾರೆ, ಇಲ್ಲವೇ ಎಲ್‌ಐಸಿ ಪಾಲಿಸಿ ಮಾಡಿಸಲು ಹೊರಡುತ್ತಾರೆ. ಮಧ್ಯಾಹ್ನ ತಾಲ್ಲೂಕು ಪಂಚಾಯಿತಿ ಸಭೆ. ಸಂಜೆಯೊಳಗೆ ಸುದ್ದಿ ಬರೆದು ಕವರಿಗೆ ಹಾಕಿ ಜಿಲ್ಲಾ ಕೇಂದ್ರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಅಲ್ಲಿ ಯಾರೋ ಇಳಿಸಿಕೊಳ್ಳಬೇಕು. ಫ್ಯಾಕ್ಸ್ ಬರುವ ತನಕ ಇದೇ ನಮ್ಮ ತಂತಿ. ಸಂಭಾವನೆ ಅಚ್ಚಾದ ಸಾಲುಗಳ ಲೆಕ್ಕ, ಲೈನೇಜ್. ಡೆಸ್ಕಿನವರು ಅರ್ಧಕ್ಕೆ ಕತ್ತರಿಸಿದರೆ ಸಂಭಾವನೆಯೂ ಅರ್ಧ. ರಾಜ್ಯೋತ್ಸವ, ದಸರಾ ಬಂದರೆ ಜಾಹೀರಾತು ತರುವ ಜವಾಬ್ದಾರಿ. ಕಮಿಷನ್ನು ಸಂಭಾವನೆಗಿಂತ ಜಾಸ್ತಿ. ವಾರವಿಡೀ ಯಾರ ಮೇಲೆ ಬರೆಯಬೇಕೋ, ಹಬ್ಬದ ಹೊತ್ತಿಗೆ ಅವರ ಹತ್ತಿರವೇ ಶುಭಾಶಯದ ಜಾಹೀರಾತು ಕೇಳಬೇಕು.

ಇಂಥವರ ಪ್ರಧಾನ ವೃತ್ತಿ ಯಾವುದು? ಊರಿನವರನ್ನು ಕೇಳಿದರೆ ‘ರಿಪೋರ್ಟರ್ರು’ ಅನ್ನುತ್ತಾರೆ. ಊರಿಗೆ ಅವರ ಹೆಸರೇ ಪತ್ರಿಕೆಯ ಹೆಸರಿನೊಂದಿಗೆ ಅಂಟಿಕೊಂಡಿರುತ್ತದೆ. ಕಾನೂನನ್ನು ಕೇಳಿದರೆ ಅಂಗಡಿಯವರು.

ಈ ವರ್ಗ ಕಾಲ ಕಳೆದಂತೆ ಸಣ್ಣದಾಗಲಿಲ್ಲ, ಬೆಳೆಯಿತು. ಪಕ್ಕದ ಆಂಧ್ರದಲ್ಲಿ 1974ರಲ್ಲಿ ಶುರುವಾದ ‘ಈನಾಡು’ 1989ರಲ್ಲಿ ಪ್ರತಿ ಜಿಲ್ಲೆಗೂ ಪುರವಣಿ ಕೊಡಲು ಹೊರಟಾಗ ಹಳ್ಳಿಹಳ್ಳಿಯ ಸುದ್ದಿ ಬೇಕಾಯಿತು, ಸುದ್ದಿ ಕೊಡುವ ಬಿಡಿ ಬರಹಗಾರರ ದೊಡ್ಡ ಬಲೆ ಹೆಣೆಯಿತು. ರಾಬಿನ್ ಜೆಫ್ರಿ ಭಾರತೀಯ ಭಾಷಾ ಪತ್ರಿಕೆಗಳ ಬೆಳವಣಿಗೆ ಕುರಿತ ತಮ್ಮ ಪುಸ್ತಕದಲ್ಲೂ, ಸೇವಂತಿ ನೈನನ್ ಹಿಂದಿ ಸೀಮೆಯ ಬಗೆಗಿನ ತಮ್ಮ ಪುಸ್ತಕದಲ್ಲೂ ಈ ಸ್ಥಳೀಯ ಪುಟಗಳ ಕ್ರಾಂತಿಯನ್ನು ದಾಖಲಿಸಿದ್ದಾರೆ. ಕನ್ನಡದಲ್ಲೂ ಜಿಲ್ಲಾ ಆವೃತ್ತಿಗಳು ಬಂದವು. ಹಳ್ಳಿಯ ಚರಂಡಿ, ಅಂಗನವಾಡಿ, ಪಡಿತರ ಮೊದಲ ಸಲ ಮುಖಪುಟ ಕಂಡವು. ನಾವೆಲ್ಲ ಪತ್ರಿಕೋದ್ಯಮ ಓದಲು ಆಸೆಪಟ್ಟದ್ದೇ ಆ ಪುಟಗಳನ್ನು ನೋಡಿ. ಅವುಗಳ ಅಡಿಪಾಯದಲ್ಲಿ ನೇಮಕ ಪತ್ರವಿಲ್ಲದ ಸಾವಿರಾರು ಜನ ಇದ್ದರು.

ಅವರಿಗೂ ಒಂದು ಒಗ್ಗಟ್ಟು ಇತ್ತು, ಯಾವ ಸಂಘದ ಬೈಲಾದಲ್ಲೂ ಬರೆಯದ್ದು. ಕಾರ್ಬನ್ ಪೇಪರ್. ಒಬ್ಬರು ಸಭೆಗೆ ಹೋದರೆ ನಾಲ್ಕು ಪ್ರತಿ ಬರೆಯುತ್ತಿದ್ದರು. ನಾಲ್ಕೂ ನಾಲ್ಕು ಪತ್ರಿಕೆಗೆ. ಇನ್ನೊಬ್ಬರು ಗಲಾಟೆ ನಡೆದ ಊರಿಗೆ ಬೈಕಿನಲ್ಲಿ ಹೋದರೆ ಪೆಟ್ರೋಲು ಎಲ್ಲರದು. ಬೆಂಗಳೂರಿನಲ್ಲಿ ಕಚ್ಚಾಡುವ ಪತ್ರಿಕೆಗಳು ತಾಲ್ಲೂಕಿನಲ್ಲಿ ಒಂದೇ ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದವು. ಇದರ ಕೆಟ್ಟ ಮುಖವನ್ನೂ ಹೇಳಬೇಕು: ಎಲ್ಲ ಪತ್ರಿಕೆಯಲ್ಲೂ ಅದೇ ಸುದ್ದಿ, ಅದೇ ತಪ್ಪು ಸಮೇತ. ಒಬ್ಬರಿಗೆ ಬೇಡವಾದ ಸುದ್ದಿ ನಾಲ್ವರಿಗೂ ಬೇಡವಾಗುತ್ತಿತ್ತು. ಈಗ ಕಾರ್ಬನ್ ಹೋಗಿ ವಾಟ್ಸ್ಆ್ಯಪ್ ಬಂದಿದೆ, ಅಷ್ಟೇ. ಆದರೂ ಒಬ್ಬರಿಗೆ ಪೊಲೀಸರು ಗದರಿದಾಗ ಮಿಕ್ಕ ಮೂವರು ಠಾಣೆಗೆ ಹೋಗಿ ನಿಲ್ಲುತ್ತಿದ್ದದ್ದು ಆ ಬೆಂಚಿನ ಬಲದಿಂದಲೇ.

ಹಾಗೆ ನಿಲ್ಲುವವರು ಇದ್ದಾರೋ ಇಲ್ಲವೋ ಅನ್ನುವುದು ಕೆಲವು ಕಡೆ ಜೀವದ ಪ್ರಶ್ನೆ. ಛತ್ತೀಸ್‌ಗಢದ ಬಿಜಾಪುರದ ಮುಕೇಶ್ ಚಂದ್ರಾಕರ್ ಟಿವಿ ವಾಹಿನಿಗೆ ಸುದ್ದಿ ಕೊಡುತ್ತ ‘ಬಸ್ತರ್ ಜಂಕ್ಷನ್’ ಎಂಬ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ ಯುವಕ. 2021ರಲ್ಲಿ ಮಾವೋವಾದಿಗಳ ಸೆರೆಯಲ್ಲಿದ್ದ ಸಿಆರ್‌ಪಿಎಫ್ ಯೋಧನನ್ನು ಕರೆತರಲು ಕಾಡಿಗೆ ಹೋದ ತಂಡದಲ್ಲಿ ಸ್ಥಳೀಯ ಪತ್ರಕರ್ತರಿದ್ದರು, ಇವರೂ ಇದ್ದರು. ರಸ್ತೆ ಕಾಮಗಾರಿಯ ಅಕ್ರಮ ಕುರಿತ ವರದಿ ಪ್ರಸಾರವಾದ ಕೆಲವೇ ದಿನಗಳಲ್ಲಿ, 2025ರ ಜನವರಿ 1ರಂದು, ಕಾಣೆಯಾದರು. ಎರಡು ದಿನದ ಮೇಲೆ, ಹೊಸದಾಗಿ ಕಾಂಕ್ರೀಟ್ ಹಾಕಿದ್ದ ಸೆಪ್ಟಿಕ್ ಟ್ಯಾಂಕಿನಲ್ಲಿ ಶವ ಸಿಕ್ಕಿತು. ಬಸ್ತರಿನ ಪತ್ರಕರ್ತರು ರಸ್ತೆ ತಡೆದು ಕೂತರು. ದೂರದ ದೆಹಲಿಯ ಸಂಸ್ಥೆಗಳ ಖಂಡನೆ ಆಮೇಲೆ ಬಂತು. ಮೊದಲು ಬೀದಿಗೆ ಇಳಿದವರು ಅದೇ ಜಿಲ್ಲೆಯ ಓರಗೆಯವರು.

ನಮ್ಮ ರಾಜ್ಯದ ಸಂಘಗಳ ಬಗ್ಗೆ ಬರೆಯುವಾಗ ಎರಡು ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಜಿಲ್ಲೆ, ತಾಲ್ಲೂಕು ಮಟ್ಟಕ್ಕೆ ಘಟಕಗಳು ಇಳಿದವು. ಕಾಯ್ದೆ ಒಳಗೆ ಬಿಡದ ಎಷ್ಟೋ ಗ್ರಾಮೀಣ ವರದಿಗಾರರು ಅಲ್ಲಿ ಸದಸ್ಯರಾದರು, ಕಾಯಿಲೆ ಬಿದ್ದಾಗ ಸಹಾಯಕ್ಕೆ ಕೈ ಚಾಚಲು ಒಂದು ಬಾಗಿಲು ಆಯಿತು. ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಬೇಕೆಂದು ವರ್ಷಗಟ್ಟಲೆ ಕೇಳಿದ್ದೂ ಸಂಘವೇ. 2024ರಲ್ಲಿ ಸರ್ಕಾರದ ಆದೇಶ ಬಂತು. ಆದೇಶ ಬಿಚ್ಚಿ ನೋಡಿದರೆ ಅಲ್ಲೂ ನೇಮಕದ ದಾಖಲೆಯ ಪ್ರಶ್ನೆ. ಬಸ್ಸಿನಲ್ಲಿ ಜೀವಮಾನವಿಡೀ ಸುದ್ದಿ ಕಳಿಸಿದವರಿಗೆ ಬಸ್ ಹತ್ತಲು ಕಾಗದ ಬೇಕಾಯಿತು.

ಇನ್ನೊಂದು ಮಾತು ಕಹಿ. ಸಂಘ ಎಂದರೆ ಚುನಾವಣೆ, ಬಣ, ಮಂತ್ರಿಗಳ ಸನ್ಮಾನ, ನಿವೇಶನದ ಆಸೆ ಎಂದು ಅರ್ಥ ಆಗುವ ಊರುಗಳೂ ಇವೆ. ಬರೆಯದವರ ಜೇಬಿನಲ್ಲಿ ಕಾರ್ಡ್, ಬರೆಯುವವರ ಜೇಬಿನಲ್ಲಿ ಇಲ್ಲ. ರಾಷ್ಟ್ರಮಟ್ಟದಲ್ಲೂ ಒಡಕು ಹೊಸತಲ್ಲ, 1972ರಲ್ಲೇ ಇನ್ನೊಂದು ಒಕ್ಕೂಟ ಹುಟ್ಟಿಕೊಂಡಿತು. ಬಾಗಲಕೋಟೆಯ ಕಾಲದಿಂದ ಬಹಳ ವರ್ಷ ಆ ಸಭೆಗಳ ಫೋಟೊಗಳಲ್ಲಿ ಕಾಣುವುದು ಗಂಡಸರೇ, ಅವರಲ್ಲೂ ಕೆಲವೇ ಜಾತಿಯವರು. ಚಹಾದಂಗಡಿಯ ಬೆಂಚಿನ ಬಗ್ಗೆ ಮೇಲೆ ಅಷ್ಟು ಅಕ್ಕರೆಯಿಂದ ಬರೆದೆವು. ನಮ್ಮ ಗೆಳತಿಯರಿಗೆ ಆ ಬೆಂಚಿನ ಮೇಲೆ ಜಾಗ ಇರಲಿಲ್ಲ ಎಂಬುದನ್ನು ಅವರೇ ಕರಡು ಓದಿ ನೆನಪಿಸಿದರು. ದೆಹಲಿಯಲ್ಲಿ 1994ರಲ್ಲಿ ಮಹಿಳಾ ಪತ್ರಕರ್ತರು ತಮ್ಮದೇ ಪ್ರೆಸ್ ಕೋರ್ ಕಟ್ಟಿಕೊಂಡದ್ದು, 2002ರಲ್ಲಿ ದೇಶದ ಹಲವು ಊರುಗಳ ಪತ್ರಕರ್ತೆಯರು ಸೇರಿ ‘ನೆಟ್‌ವರ್ಕ್ ಆಫ್ ವಿಮೆನ್ ಇನ್ ಮೀಡಿಯಾ’ ಶುರು ಮಾಡಿದ್ದು ಇದೇ ಕಾರಣಕ್ಕೆ. ಈ ಎರಡನೆಯದರಲ್ಲಿ ಬೆಂಗಳೂರಿನ ಪತ್ರಕರ್ತೆಯರ ಪಾಲು ದೊಡ್ಡದು. ಅಧ್ಯಕ್ಷಗಿರಿಯ ಗದ್ದಲವಿಲ್ಲದೆ, ಒಬ್ಬಳಿಗೆ ಕಚೇರಿಯಲ್ಲಿ ಕಿರುಕುಳವಾದರೆ ಹತ್ತು ಊರಿನವರು ಪತ್ರ ಬರೆಯುವ ಏರ್ಪಾಡು ಅದು. ಹೆಸರಿನಲ್ಲೇ ‘ನೆಟ್‌ವರ್ಕ್’ ಇದೆ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಅರ್ಥ ಅಲ್ಲಿಲ್ಲ.

ನಮ್ಮ ಓದಿನ ಬಳಗಕ್ಕೂ ಒಂದು ಚರಿತ್ರೆ ಇದೆ. 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ವಿಭಾಗ ಕಟ್ಟಿದರು. ಅದುವರೆಗೆ ಪತ್ರಿಕೆಗೆ ಸೇರಲು ಯಾರಾದರೊಬ್ಬ ಸಂಪಾದಕರ ಮನೆಯ ಪರಿಚಯ ಬೇಕಿತ್ತು. ಇಂಥ ತರಗತಿಗಳಿಂದಾಗಿ ಸಂಪಾದಕರ ಮುಖವನ್ನೇ ನೋಡದ ಮನೆಯ ಮಕ್ಕಳಿಗೂ ಸಹಪಾಠಿಗಳು ಸಿಕ್ಕರು. ನಾವು ಈ ಗುಂಪು ಕಟ್ಟಿಕೊಂಡಿರುವುದೂ ಆ ಬೆಂಚುಗಳ ಮುಂದುವರಿಕೆ.

ಕೊನೆಯದಾಗಿ ಕಾನೂನಿನ ಕಡೆ ಮತ್ತೊಮ್ಮೆ. 2020ರಲ್ಲಿ ಸಂಸತ್ತು ಕಾರ್ಮಿಕ ಸಂಹಿತೆಗಳನ್ನು ಅಂಗೀಕರಿಸಿದಾಗ 1955ರ ಕಾಯ್ದೆ ರದ್ದಾಗುವ ಪಟ್ಟಿಗೆ ಸೇರಿತು. ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಐವತ್ತರ ದಶಕದಿಂದ ಜಗಳಾಡಿ ಉಳಿಸಿಕೊಂಡಿದ್ದ ಪ್ರತ್ಯೇಕ ವೇತನ ಮಂಡಳಿಯ ಪದ್ಧತಿ ಅದರೊಂದಿಗೆ ಹೋಯಿತು. ಹೊಸ ಸಂಹಿತೆಯ ವ್ಯಾಖ್ಯೆಯೊಳಗೆ ಎಲೆಕ್ಟ್ರಾನಿಕ್ ಮತ್ತು ಡಿಜಿಟಲ್ ಮಾಧ್ಯಮದವರು ಬಂದಿದ್ದಾರೆ. ಅರೆಕಾಲಿಕರ ಪ್ರಸ್ತಾಪವೂ ಇದೆ. ‘ಪ್ರಧಾನ ವೃತ್ತಿ’ ಎಂಬ ಎರಡು ಪದ ಮಾತ್ರ 1955ರಲ್ಲಿ ಇದ್ದ ಜಾಗದಲ್ಲೇ ಇವೆ.

ಕಳೆದ ತಿಂಗಳು ನಮ್ಮಲ್ಲಿ ಮೂವರು ತಾಲ್ಲೂಕು ಘಟಕದ ಸದಸ್ಯತ್ವಕ್ಕೆ ಅರ್ಜಿ ತುಂಬಿದೆವು. ಹೆಸರು, ವಿಳಾಸ, ವಿದ್ಯಾರ್ಹತೆಯ ಕಡೆ ಪೆನ್ನು ಸರಾಗವಾಗಿ ಓಡಿತು. ನೇಮಕ ಪತ್ರದ ಪ್ರತಿ ಲಗತ್ತಿಸಿ ಎಂಬ ಸಾಲಿಗೆ ಬಂದು ನಿಂತೆವು. ಮೂವತ್ತು ವರ್ಷ ಸುದ್ದಿ ಬರೆದ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರು. ‘ನನ್ನದೂ ಖಾಲಿನೇ ಇತ್ತು. ಬೈಲೈನ್ ಬಂದ ಕಟಿಂಗ್ ಅಂಟಿಸಿ ಕೊಟ್ಟಿದ್ದೆ, ತಗೊಂಡ್ರು. ಹಂಗೇ ಮಾಡಿ’ ಅಂದರು. ಕತ್ತರಿ ತರಲು ಒಬ್ಬ ಎದ್ದು ಹೋದ.